ಹಳದಿಯ ಮೇಲೆ ನೀಲಿ

ಹಳದಿಯಲ್ಲಿ ಮುಖ ಕಾಣುವುದಿಲ್ಲ ಎಂಬುದೊಂದೇ ಅವನಿಗಿದ್ದ ಧೈರ್ಯ. ಆ ಪ್ರೆಸ್ಸಿನಲ್ಲಿದ್ದದ್ದು ಒಂದೇ ಮಷಿನ್ನು, ಅದು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುತ್ತಿತ್ತು. ಬಣ್ಣದ ಚಿತ್ರ ಬೇಕೆಂದರೆ ಅದೇ ಹಾಳೆಯನ್ನು ನಾಲ್ಕು ಸಲ ಅದರ ಬಾಯಿಗೆ ಕೊಡಬೇಕು: ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ನೀಲಿ, ಕೊನೆಗೆ ಕಪ್ಪು. ಹಳದಿಯಷ್ಟೇ ಬಿದ್ದ ಬಿಳಿ ಹಾಳೆ ಯಾರೋ ಏನೋ ಚೆಲ್ಲಿ ಒರೆಸಿದ ಹಾಗಿರುತ್ತದೆ. ಅದು ಹಣ್ಣೋ, ಮನೆಯೋ, ಮನುಷ್ಯರ ಮುಖವೋ ಎಂದು ತಿಳಿಯಬೇಕಾದರೆ ಹಾಳೆಯನ್ನು ಎತ್ತಿ ಬೆಳಕಿಗೆ ಓರೆ ಹಿಡಿಯಬೇಕು. ಅವನು ಹಿಡಿಯಲಿಲ್ಲ. ಹಾಳೆ ಎತ್ತದೆ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಲೆಂದು ಮೂಲೆಯಲ್ಲಿ ಹಾಕಿದ್ದ ಕೂಡುಗೆರೆಯ ಗುರುತಿನ ಮೇಲೆ ಭೂತಗನ್ನಡಿ ಇಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗೆ ಒತ್ತಿದ. ಗಾಜಿನೊಳಗೆ ಇದ್ದದ್ದು ಬರೀ ಚುಕ್ಕಿ. ಸಾಲು ಸಾಲು ಹಳದಿ ಚುಕ್ಕಿ. ಚುಕ್ಕಿಗೆ ಹೆಸರಿಲ್ಲ, ಹಲ್ಲು ಬಿದ್ದ ಬಾಯಿ ಇಲ್ಲ, ‘ಅಪ್ಪಾ ಇವತ್ತು ಯಾವ ಬಣ್ಣ?’ ಅಂತ ಸಂಜೆ ಅವನ ಉಗುರು ಹಿಡಿದು ನೋಡುವ ಚಟವಿಲ್ಲ. ಇವತ್ತೊಂದು ದಿನ ಈ ಗಾಜಿನೊಳಗೇ ಇದ್ದುಬಿಟ್ಟರೆ ಸಾಕು ಅಂದುಕೊಂಡ.

ನಿನ್ನೆ ಸಂಜೆ ಪ್ರೆಸ್ಸಿನ ಯಜಮಾನ ನಾಲ್ಕು ಪ್ಲೇಟುಗಳನ್ನು ಮೇಜಿನ ಮೇಲಿಟ್ಟು, ಗೋಡೆಯ ಗಡಿಯಾರಕ್ಕೆ ಹೇಳುವವನ ಹಾಗೆ ಹೇಳಿದ್ದ: “ನಾಳೆ ಇದು. ನಿಮ್ಮ ಬೀದಿಯವರ ಪೋಸ್ಟರು. ನಿನ್ನ ಹೆಂಡ್ತೀನೂ ಬಂದಿದ್ರು. ನಿನ್ ಕೈಲಾಗಲ್ಲ ಅಂದ್ರೆ ಹೇಳಪ್ಪ, ಬೇರೆ ಪ್ರೆಸ್ಸಿಗೆ ಕಳಿಸ್ತೀನಿ. ಬೇಜಾರು ಮಾಡ್ಕೊಳ್ಳಲ್ಲ.” ಆಗಲ್ಲ ಎಂದೇ ಹೇಳಬೇಕೆಂದಿದ್ದ. ಬಾಯಿಗೆ ಬಂದದ್ದು ಬೇರೆ. “ಬೇರೆಯವರು ಕೂಡಿಸೋದು ನೋಡಿದೀನಿ ಯಜಮಾನ್ರೇ. ಒಂದೊಂದು ಮುಖಕ್ಕೆ ನಾಲ್ಕು ನಾಲ್ಕು ಕಣ್ಣು ಮಾಡ್ತಾರೆ.” ಅದು ನಿಜವೇ. ನಾಲ್ಕು ಬಣ್ಣ ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂರದಿದ್ದರೆ ತುಟಿ ಬಾಯಿಂದ ಕಳಚಿ ಗಲ್ಲಕ್ಕೆ ಇಳಿಯುತ್ತದೆ. ಪೋಸ್ಟರಿನಲ್ಲಿದ್ದ ಮಗಳ ತುಟಿ ಯಾರೋ ಕೆಲಸಗೇಡಿಯ ಕೈಯಲ್ಲಿ ಗಲ್ಲಕ್ಕಿಳಿಯುವುದು ಅವನಿಗೆ ಬೇಡವಾಗಿತ್ತು. ಹಾಗಂತ ಅವಳ ಮುಖ ಬೀದಿಯ ಗೋಡೆಗೆ ಹೋಗುವುದೂ ಬೇಡವಾಗಿತ್ತು. ಈ ಎರಡು ಬೇಡಗಳ ನಡುವೆ ಸಿಕ್ಕಿಹಾಕಿಕೊಂಡು ರಾತ್ರಿ ಹೊರಳಾಡಿದ್ದ. ಪಕ್ಕದಲ್ಲಿ ಹೆಂಡತಿಯೂ ಎಚ್ಚರವಾಗಿದ್ದಳು, ಇವನಿಗೆ ಗೊತ್ತಿತ್ತು, ಇವನಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಉಸಿರನ್ನು ನಿದ್ದೆಯವರ ಹಾಗೆ ಬಿಡುತ್ತಿದ್ದರು.

ಮಗಳು ಹುಟ್ಟಿದಾಗಲೂ ಹಳದಿಯೇ ಇದ್ದಳು. ಆಸ್ಪತ್ರೆಯಲ್ಲಿ ಒಂದು ದೀಪದ ಕೆಳಗೆ, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ದರು, ಅವನು ಗಾಜಿನ ಈಚೆ ನಿಂತು ಕಿಟಕಿಗೆ ಮೂಗು ಒತ್ತಿದ್ದ. ಅವರ ಬೀದಿಯವಳೇ ಆದ ನರ್ಸಕ್ಕ ಹಿಂದಿನಿಂದ ಬಂದು, “ಎರಡು ದಿನ ಮಾಗಿದ ಹಣ್ಣಿನ ಹಾಗಿರ್ತಾಳೆ, ಆಮೇಲೆ ನಿಮ್ಮ ಹಾಗೆ ಕಪ್ಪಾಗ್ತಾಳೆ. ಹೆದರ್ಬೇಡಿ, ಹೆದರೋದಾದ್ರೆ ಆಮೇಲೆ ಹೆದರಿ” ಅಂದಿದ್ದಳು. ನಿಜಕ್ಕೂ ಕಪ್ಪಾದಳು. ಮಾತು ಬಂದ ಮೇಲಂತೂ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಚಿನಕುರಳಿ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಟೀಚರು ಕೂಗಿದರೆ ಅದು ತನ್ನದೆಂದು ನೆನಪಾಗುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಮಷಿನ್ನು ಹಾಳೆಗಳನ್ನು ಎಳೆದೆಳೆದು ಆಚೆ ಹಾಕುತ್ತಿತ್ತು, ಚಟ್ ಚಟ್ ಎಂದು ಒಂದೇ ತಾಳ. ಈ ಸದ್ದು ಆ ದಿನವೂ ಇತ್ತು. ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ, ಬೀದಿಯವರು ಪ್ರೆಸ್ಸಿಗೇ ಓಡಿಬಂದು ಕರೆದಿದ್ದರು. ಆ ದಿನ ಮಷಿನ್ನಿನ ಮೇಲಿದ್ದದ್ದು ನಗರಸಭೆಯ ಕರಪತ್ರ, ವರ್ಷಗಳಿಂದ ಅವನೇ ಹೊಡೆಯುತ್ತ ಬಂದದ್ದು, ಎರಡೇ ಬಣ್ಣ, ಹಳದಿ ಮತ್ತು ನೀಲಿ. ಮೇಲೆ ಅಧ್ಯಕ್ಷರ ನಗು, ಕೆಳಗೆ ‘ನಿಮ್ಮ ಸುರಕ್ಷೆ ನಮ್ಮ ಹೊಣೆ’. ಹೊಣೆ ಎಂಬ ಪದದ ಇಂಕು ಸರಿಯಾಗಿ ಹತ್ತುತ್ತಿಲ್ಲವೆಂದು ಅವನು ಉರುಳೆಯನ್ನು ಬಿಗಿ ಮಾಡುತ್ತಿದ್ದ ಹೊತ್ತಿಗೇ ಅವರ ಬೀದಿಯ ಮೋರಿ, ಪೈಪು ಹಾಕುವುದಕ್ಕೆಂದು ನಗರಸಭೆಯವರು ಚಪ್ಪಡಿ ಎಬ್ಬಿಸಿ ವಾಪಸು ಮುಚ್ಚದೆ ಹೋಗಿದ್ದ ಮೋರಿ, ಮಳೆ ನೀರಿನಡಿ ರಸ್ತೆಯಂತೆಯೇ ಕಾಣುತ್ತ ಮಲಗಿತ್ತು. ಶಾಲೆಗೆ ಹೊರಟವಳು ನೀರಿನಲ್ಲಿ ಚಪ್ಪ ಚಪ್ಪ ಎನ್ನಿಸುತ್ತ ನಡೆದಿದ್ದಳಂತೆ. ನೋಡಿದವರೊಬ್ಬರು ಹೇಳಿದರು: ನಗ್ತಾ ಇದ್ಲು.

ಯಜಮಾನ ಬಾಗಿಲಲ್ಲಿ ಇಣುಕಿ, “ಹಳದಿ ಆಯ್ತಾ? ನಾನು ಪೇಪರ್ ಅಂಗಡೀಗೆ ಹೋಗ್ಬರ್ತೀನಿ” ಅಂದು ಹೋದ. ಒಳ್ಳೆಯ ಮನುಷ್ಯ. ತೊಂದರೆಯ ಹೊತ್ತಿಗೆ ಸರಿಯಾಗಿ ಅವನಿಗೆ ಪೇಪರ್ ಅಂಗಡಿ ನೆನಪಾಗುತ್ತದೆ. ಹಳದಿ ಆರುವ ತನಕ ಇವನು ಫ್ಯಾನಿನ ಕೆಳಗೆ ಕೂತ. ಸಾವಾದ ಮೇಲಿನ ಮೊದಲ ದಿನಗಳಲ್ಲಿ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಅವನೇ ಅನ್ನ ಬೇಯಿಸಿ, ತಟ್ಟೆ ಇಟ್ಟು, ತಟ್ಟೆ ತೆಗೆದು, ಪ್ರೆಸ್ಸಿಗೆ ಬರುತ್ತಿದ್ದ. ಆ ದಿನಗಳು ಈಗ ಅವನಿಗೆ ಒಂದು ರೀತಿಯಲ್ಲಿ ಚೆನ್ನಾಗಿದ್ದವು ಎನಿಸುತ್ತವೆ, ಹಾಗನಿಸುವುದಕ್ಕೆ ನಾಚಿಕೆಯೂ ಆಗುತ್ತದೆ. ಒಂದು ಬೆಳಿಗ್ಗೆ ಅವಳು ಕಿಟಕಿಯಿಂದ ನೋಡಿದಳಂತೆ: ಎದುರು ಮನೆಯ ಪುಟಾಣಿ, ಬೆನ್ನಿಗೆ ತನಗಿಂತ ದೊಡ್ಡ ಚೀಲ, ಅದೇ ಮೋರಿಯ ಅಂಚಿಗೆ ಬಂದು, ನಿಂತು, ಹಾರುವುದಕ್ಕೆ ಮಂಡಿ ಬಗ್ಗಿಸಿತ್ತು. ಸಂಜೆ ಇವನು ಮನೆಗೆ ಬಂದಾಗ ಚಿನಕುರಳಿಯ ಮಂಚದಲ್ಲಿ ಹಲಗೆ ಇರಲಿಲ್ಲ. ಬರೀ ನಾಲ್ಕು ಕಾಲು, ನಾಲ್ಕು ಪಟ್ಟಿ. ಹಲಗೆ ಮೋರಿಯ ಮೇಲಿತ್ತು, ಅದರ ಮೇಲೆ ಯಾವುದೋ ಸೈಕಲ್ಲು ಹೋದ ಕೆಸರಿನ ಗೆರೆ ಇತ್ತು. ಜೀವನದಲ್ಲಿ ಮೊದಲ ಸಲ ಅವನು ಅವಳ ಮೇಲೆ ಕೈ ಎತ್ತಲು ಹೋದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ತಲೆ ಕೆರೆದುಕೊಂಡ. ಅವಳು ನೋಡುತ್ತಲೇ ಇದ್ದಳು. “ಹೊಡೀರಿ. ಆದ್ರೆ ಹಲಗೆ ಅಲ್ಲೇ ಇರುತ್ತೆ” ಅಂದಳು. ಇರಲಿಲ್ಲ. ವಾರ ಕಳೆಯುವುದರೊಳಗೆ ನಗರಸಭೆಯ ಲಾರಿ ಬಂದು, ಸಾರ್ವಜನಿಕ ಮೋರಿಯ ಮೇಲೆ ಖಾಸಗಿ ಅತಿಕ್ರಮಣ ಎಂದು ಹಲಗೆಯನ್ನು ಎತ್ತಿಕೊಂಡು ಹೋಯಿತು. ಒಂದು ಚಪ್ಪಡಿ ತರಲು ಇಲ್ಲದ ಲಾರಿ, ಒಂದು ಮಗುವಿನ ಮಂಚದ ಹಲಗೆ ಒಯ್ಯುವುದಕ್ಕೆ ಇತ್ತು, ಅದರ ಜೊತೆ ಮೂರು ಜನ ಆಳೂ ಇದ್ದರು.

ಮರುದಿನದಿಂದ ಅವಳೇ ಹಲಗೆಯಾದಳು. ದಿನಾ ಬೆಳಿಗ್ಗೆ ಮೋರಿಯ ಒಂದೊಂದು ಬದಿಗೆ ಒಂದೊಂದು ಕಾಲು ಊರಿ ನಿಂತು, ಶಾಲೆಗೆ ಹೋಗುವ ಮಕ್ಕಳನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಆಚೆ ಇಡುವುದು, ಮಧ್ಯಾಹ್ನ ಎತ್ತಿ ಈಚೆ ಇಡುವುದು. ನರ್ಸಕ್ಕ ಸೇರಿಕೊಂಡಳು, ಬೀದಿಯ ಹೆಂಗಸರು ಸೇರಿಕೊಂಡರು, ಸಭೆ ಶುರುವಾಯಿತು, ಮನವಿ ಹೋಯಿತು, ‘ಘಟನೆ ಆಕಸ್ಮಿಕ’ ಎಂದು ಉತ್ತರ ಬಂತು. ಅವನು ಒಂದು ಸಭೆಗೂ ಹೋಗಲಿಲ್ಲ. ಅವಳು ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಜನ ಹೇಳಿದಾಗ ಅವನಿಗೆ ಅದು ಬೈಗುಳದ ಹಾಗೆ ಕೇಳಿಸಿತು. ಊಟ ಮಾಡುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ಒಮ್ಮೆ ನರ್ಸಕ್ಕನ ಮಾತಿಗೆ ನಕ್ಕೂಬಿಟ್ಟಳು, ಅಡುಗೆಮನೆಯಿಂದ ಆ ನಗು ಕೇಳಿ ಇವನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಿದ್ದ. ಪೋಸ್ಟರಿನ ಮಾತು ಬಂದ ದಿನ, “ಮಗಳನ್ನ ಗೋಡೆಗೆ ಅಂಟಿಸೋಕೆ ಹೊರಟಿದೀಯ. ನಾಳೆ ಅವಳ ಮುಖದ ಮೇಲೆ ಯಾವನೋ ಉಗಿದು ಹೋಗ್ತಾನೆ” ಅಂದ. ಅವಳು ಸೊಪ್ಪು ಬಿಡಿಸುತ್ತಿದ್ದಳು. “ಉಗೀಲಿ. ಉಗಿಯೋಕಾದ್ರೂ ಒಂದು ಸಲ ನೋಡ್ತಾನಲ್ಲ” ಅಂದಳು.

ಇವನು ಮಾತ್ರ ಯಾರ ಮೇಲೂ ಉಗಿದಿರಲಿಲ್ಲ. ಅದೂ ಒಂದು ಕೊರಗು. ಸಾವಿನ ನಂತರ ನಗರಸಭೆಯ ಅಧಿಕಾರಿ ಮುಂದಿನ ಕರಪತ್ರದ ಕೆಲಸ ಹಿಡಿದು ಪ್ರೆಸ್ಸಿಗೆ ಬಂದಿದ್ದ, ವಿಷಯ ಗೊತ್ತಿತ್ತೋ ಇಲ್ಲವೋ, ಇವನ ಬೆನ್ನು ತಟ್ಟಿ “ನೀಲಿ ಸ್ವಲ್ಪ ಗಾಢವಾಗಿ ಬರ್ಲಿ” ಅಂದ. ಇವನು “ಆಯ್ತು ಸಾರ್” ಅಂದ. ಆಯ್ತು ಸಾರ್. ಆ ಎರಡು ಶಬ್ದ ಊಟದ ನಡುವೆ ನೆನಪಾದರೆ ಈಗಲೂ ತಟ್ಟೆ ಸರಿಸಿ ಏಳುತ್ತಾನೆ. ಹೇಳಿದ್ದಷ್ಟೇ ಅಲ್ಲ, ನೀಲಿಯನ್ನು ಗಾಢವಾಗಿಯೇ ಬರಿಸಿಕೊಟ್ಟಿದ್ದ.

ಅವನು ಎದ್ದು ಸೀಮೆಎಣ್ಣೆಯಲ್ಲಿ ಉರುಳೆಗಳ ಹಳದಿ ತೊಳೆದ, ಇನ್ನೊಂದು ಪ್ಲೇಟು ಸುತ್ತಿದ, ಡಬ್ಬಿ ತೆಗೆದು ಇಂಕು ತುಂಬಿದ. ಹೊಸ ಬಣ್ಣ ಕೂಡಿಸುವಾಗ ಒಳ್ಳೆಯ ಹಾಳೆ ಹಾಳಾಗಬಾರದೆಂದು ಮೊದಲು ಹಳೆಯ ಕೆಲಸಗಳ ವೇಸ್ಟ್ ಹಾಳೆ ಬಿಡುವುದು ಪ್ರೆಸ್ಸಿನ ಪದ್ಧತಿ. ಬೆಳಿಗ್ಗೆ ಹಳದಿಗೂ ಬಿಟ್ಟಿದ್ದ, ಅವನ್ನೇ ಮತ್ತೆ ಬಿಟ್ಟ. ಗುರುತಿನ ಮೇಲೆ ಗಾಜು ಇಟ್ಟ. ಗೆರೆಯ ಮೇಲೆ ಗೆರೆ ಕೂತಿತ್ತು. ಯೋಚಿಸಬೇಕಾದ್ದು ಏನೂ ಇರಲಿಲ್ಲ, ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು, ಹಾಳೆಯ ಕಟ್ಟು ಏರಿಸಿದವು, ಹಾಳೆ ಒಂದಕ್ಕೊಂದು ಅಂಟದಂತೆ ಗಾಳಿ ಬಿಟ್ಟವು, ಮಷಿನ್ನು ಚಾಲೂ ಮಾಡಿದವು. ಹಾಳೆ ಒಳಗೆ ಹೋಗುವ ಬದಿಯಲ್ಲೇ ನಿಂತುಕೊಂಡ. ಹೊರಗೆ ಬೀಳುವ ಬದಿಗೆ ಹೋಗಲೇಬೇಕಾಗಿ ಬಂದದ್ದು ಕಟ್ಟು ಮುಗಿಯುತ್ತ ಬಂದಾಗ.

ಅಲ್ಲಿ ಅವಳು ಬಿದ್ದಿದ್ದಳು. ಹಸಿರಾಗಿ. ಒಂದರ ಮೇಲೊಂದು ಬಂದು ಬೀಳುತ್ತಿದ್ದಳು, ಗಲ್ಲ ಹಸಿರು, ತುಟಿ ಕಡುಹಸಿರು, ಕಣ್ಣಿನ ಸುತ್ತ ಪಾಚಿಯ ನೆರಳು. ಕೆಂಪು ಹಾಕಬೇಕಾದ ಕಡೆ ಅವನ ಕೈ ನೀಲಿಯ ಪ್ಲೇಟು, ನೀಲಿಯ ಇಂಕು ಹಾಕಿತ್ತು. ಹಳದಿಯಾದ ಮೇಲೆ ನೀಲಿ: ವರ್ಷಗಟ್ಟಲೆ ನಗರಸಭೆಯ ಕರಪತ್ರ ಹೊಡೆದ ಕೈಗೆ ಅದೊಂದೇ ದಾರಿ ಗೊತ್ತು. ಹಳದಿಯ ಮೇಲೆ ನೀಲಿ ಕೂತರೆ ಹಸಿರೆಂಬುದು ಮಕ್ಕಳಿಗೂ ಗೊತ್ತು. ಚಿನಕುರಳಿಗೇ ಅವನು ಹೇಳಿಕೊಟ್ಟಿದ್ದ, ಮನೆಯ ಮೆಟ್ಟಿಲ ಮೇಲೆ, ಎರಡು ಬೆರಳಿನ ಇಂಕು ಉಜ್ಜಿ ತೋರಿಸಿ. ಮಷಿನ್ನು ನಿಲ್ಲಿಸಿದ. ನಿಂತ ಮೇಲೂ ಕಿವಿಯಲ್ಲಿ ಚಟ್ ಚಟ್ ನಡೆಯುತ್ತಲೇ ಇತ್ತು. ಈ ಮುಖವನ್ನು ಅವನು ನೋಡಿದ್ದ. ಮನೆಯವರಲ್ಲಿ ಅವನೊಬ್ಬನೇ. ಇಂಕಿನ ಕೈಯಲ್ಲೇ ಓಡಿಬಂದು, ಮೋರಿಯೊಳಗೆ ಎದೆಮಟ್ಟ ಇಳಿದು, ತಡಕಿ, ಎತ್ತಿ, ಮೋರಿಯ ಬದಿಯಲ್ಲಿ ಮಲಗಿಸಿ ಅಂಗೈಯಿಂದ ಕೆಸರು ಒರೆಸಿದಾಗ, ಹಣೆಯಿಂದ ಗಲ್ಲದ ತನಕ ಒರೆಸಿದಷ್ಟೂ ಅವನ ಕೈಯ ನೀಲಿ ಅವಳ ಮುಖದ ಕೆಸರಿಗೆ ಹತ್ತಿ ಹಸಿರಾಗುತ್ತಿತ್ತು. ಹೆಂಡತಿಯನ್ನು ಮನೆಯೊಳಗೆ ಹೆಂಗಸರು ಹಿಡಿದು ಕೂರಿಸಿದ್ದರು. ಅವಳು ನೋಡಿದ್ದು ಆಸ್ಪತ್ರೆಯಲ್ಲಿ, ನರ್ಸಕ್ಕ ತೊಳೆದು, ತಲೆ ಬಾಚಿ, ಪೌಡರು ಹಚ್ಚಿದ ಮುಖವನ್ನು. “ಎತ್ತಿದಾಗ ಹೇಗಿದ್ಲು?” ಅಂತ ಆ ರಾತ್ರಿ ಕೇಳಿದಳು. “ಮಲಗಿದ ಹಾಗೆ” ಅಂದಿದ್ದ. ಮತ್ತೆ ಅವಳು ಕೇಳಲಿಲ್ಲ. ಕೇಳದೇ ಇದ್ದದ್ದೇ ಅವರಿಬ್ಬರ ನಡುವೆ ಹಾಸಿಗೆಯಲ್ಲಿ ಮಲಗುತ್ತಿತ್ತು.

ಹಾಳೆಗಳನ್ನೆಲ್ಲ ಬಾಚಿ ಹರಿದು ಹಾಕಬೇಕು ಅಂದುಕೊಂಡ. ಪ್ಲೇಟು ಹಾಳಾಯಿತು ಅಂದರಾಯಿತು, ಯಜಮಾನ ನಂಬುತ್ತಾನೆ, ನಂಬದಿದ್ದರೂ ಪೇಪರ್ ಅಂಗಡಿಗೆ ಹೋಗುತ್ತಾನೆ. ಮೇಲಿನ ಒಂದು ಹಿಡಿ ಹಾಳೆ ಎತ್ತಿಕೊಂಡಿದ್ದ ಅಷ್ಟೆ, ಹೊರಗೆ ನರ್ಸಕ್ಕನ ದನಿ ಕೇಳಿತು. “ಏನ್ ಸ್ವಾಮಿ, ಹೆರಿಗೆ ಆಯ್ತಾ, ಇನ್ನೂ ನೋವು ತಿಂತಾ ಇದೀರಾ?” ಎಂದುಕೊಂಡೇ ಒಳಗೆ ಬಂದವಳು ಕಟ್ಟಿನ ಮುಂದೆ ನಿಂತುಬಿಟ್ಟಳು. ಮುಖದ ನಗು ಹಾಗೇ ಉಳಿದಿತ್ತು, ಅದನ್ನು ತೆಗೆಯಲು ಮರೆತವಳ ಹಾಗೆ. ಅವಳಿಗೂ ಗೊತ್ತಿತ್ತು. ತೊಳೆದವಳು ಅವಳು. ಹಿಂದಿನಿಂದ ಹೆಂಡತಿ ಬಂದಳು. ಮಷಿನ್ನಿನ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

“ನೋಡ್ಬೇಡ” ಅಂದ ಇವನು. “ಬಣ್ಣ ತಪ್ಪಾಗಿದೆ. ಕೈ ತಪ್ಪಿ ಆಯ್ತು.”

ಅವಳು ಅವನ ಕೈಯಲ್ಲಿದ್ದ ಹಾಳೆಗಳನ್ನು ಬಿಡಿಸಿಕೊಂಡು ಮೇಜಿನ ಮೇಲೆ ಇಟ್ಟಳು. ಒಂದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಹೋದಳು. ತುಂಬಾ ಹೊತ್ತು ನೋಡಿದಳು, ಅವಸರವಿಲ್ಲದೆ, ಮಗುವಿನ ಮೈಮೇಲೆ ಗುಳ್ಳೆ ಎದ್ದಿದೆಯೇ ಎಂದು ನೋಡುವವಳ ಹಾಗೆ.

“ಹೀಗಿದ್ಲಾ?”

ಅವನು ನರ್ಸಕ್ಕನ ಕಡೆ ನೋಡಿದ. ನರ್ಸಕ್ಕ ನೆಲ ನೋಡಿದಳು.

“ಹೂಂ” ಅಂದ.

“ಇಷ್ಟೇನಾ?”

ಅವನಿಗೆ ಅರ್ಥವಾಗಲಿಲ್ಲ.

“ನಾನು ಇದಕ್ಕಿಂತ ಕೆಟ್ಟದು ಅಂದ್ಕೊಂಡಿದ್ದೆ” ಅಂದಳು ಹೆಂಡತಿ. “ದಿನಾ ರಾತ್ರಿ ಅಂದ್ಕೊಳ್ತಿದ್ದೆ. ಇಲಿ ಮುಟ್ಟಿರುತ್ತೆ, ಕಣ್ಣು ತೆರೆದಿರುತ್ತೆ, ಕಲ್ಲಿಗೆ ಬಡಿದು ಮುಖಾನೇ ಇರಲ್ಲ. ನೀವು ಮಲಗಿದ ಹಾಗೆ ಅಂದ್ರಲ್ಲ, ಇಷ್ಟು ಸುಳ್ಳು ಹೇಳ್ಬೇಕಾದ್ರೆ ಎಷ್ಟು ಕೆಟ್ಟದಾಗಿ ಇದ್ದಿರಬೇಕು ಅಂತ. ನಮ್ಮ ಹುಡುಗೀನೇ ಇದಾಳಲ್ರೀ. ಹಸಿರಾಗಿದಾಳೆ, ಅಷ್ಟೆ.” ಅವಳ ದನಿ ಒಡೆಯಲಿಲ್ಲ. ಒಡೆದದ್ದು ಅವನದು, ಏನೋ ಹೇಳಲು ಹೋಗಿ, “ನನ್ನ ಕೈ ಇಂಕು ಹತ್ತಿತ್ತು, ಅದೂ ಸೇರಿ” ಎಂದಷ್ಟೇ ಹೇಳಿ ಮಷಿನ್ನಿಗೆ ಬೆನ್ನು ಕೊಟ್ಟು ಕುಸಿದು ಕೂತ. ನರ್ಸಕ್ಕ ಮೂಲೆಯಲ್ಲಿದ್ದ ಕೈ ಒರೆಸುವ ಬಟ್ಟೆ ಎತ್ತಿ ಅವನಿಗೆ ಕೊಟ್ಟಳು. ಅದು ಸೀಮೆಎಣ್ಣೆಯ ಬಟ್ಟೆ, ಕಣ್ಣಿಗೆ ಹಿಡಿದರೆ ಕಣ್ಣೇ ಹೋಗುತ್ತದೆ. ಅವನು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತ. “ನರ್ಸ್ ಅಂತೆ” ಅಂದಳು ಹೆಂಡತಿ, ಬಟ್ಟೆ ಕಿತ್ತುಕೊಂಡು. ತನ್ನ ಸೆರಗು ಕೊಟ್ಟಳು.

ಆಮೇಲೆ ಹಾಳೆ ತೋರಿಸಿ ಕೇಳಿದಳು: “ಇದು ಸರಿ ಹೋಗಲ್ವಾ?”

ಸರಿ ಹೋಗದೇ ಏನು. ಬಣ್ಣಕ್ಕೆ ಸರದಿಯ ಹಂಗಿಲ್ಲ. ಕೆಂಪು ಮೊದಲು ಬಿದ್ದರೂ ಆಮೇಲೆ ಬಿದ್ದರೂ ಚಿತ್ರ ಚಿತ್ರವೇ, ಛಾಯೆಯಲ್ಲಿ ಒಂದು ಎಳೆ ಫರಕು, ಅದು ಕಾಣುವುದು ಅವನಂಥವನಿಗೆ ಮಾತ್ರ. ಹಾಗೆಂದು ಹೇಳಿದ. “ಹಾಗಾದ್ರೆ ಹಾಕಿ, ನಾನಿಲ್ಲೇ ನಿಂತಿರ್ತೀನಿ” ಅಂದಳು. ನೀಲಿ ಆರುವ ತನಕ ಮೂವರೂ ಫ್ಯಾನಿನ ಕೆಳಗೆ ಕೂತು ಅವಳು ತಂದಿದ್ದ ಬುತ್ತಿ ತಿಂದರು. ಆಮೇಲೆ ಅವನು ಉರುಳೆ ತೊಳೆದ, ಕೆಂಪಿನ ಡಬ್ಬಿ ತೆಗೆದ. ಈ ಸಲ ಭೂತಗನ್ನಡಿಯನ್ನು ಗುರುತಿನ ಮೇಲೆ ಇಡಲಿಲ್ಲ, ಹಾಳೆಯಲ್ಲಿದ್ದ ಮಗಳ ಕಣ್ಣಿನ ಮೇಲೇ ಇಟ್ಟು ಕೂಡಿಸಿದ. ಮಷಿನ್ನು ಹೊರಟಿತು, ಗಂಡ ಹೆಂಡತಿ ಇಬ್ಬರೂ ಹಾಳೆ ಹೊರಬೀಳುವ ಬದಿಗೆ ನಿಂತರು. ಹಸಿರು ಮುಖ ಒಳಗೆ ಹೋಗಿ ಈಚೆ ಬರುವಾಗ ಗಲ್ಲಕ್ಕೆ ನೆತ್ತರು ಬಂದಿತ್ತು. ಮತ್ತೊಂದು ಬಂತು, ಮತ್ತೊಂದು. ಅವಳ ಕಪ್ಪು ಗಲ್ಲ, ಒಡೆದ ತುಟಿ, ಮುಂದಿನ ಹಲ್ಲು ಬಿದ್ದ ಸಂದಿಯಿಂದ ಆಚೆ ಬಂದಿದ್ದ ನಾಲಿಗೆಯ ತುದಿ. ಮಗಳು ವಾಪಸು ಬಂದಳು ಎಂಬ ಹುಚ್ಚು ಅವನಿಗೆ ಹಿಡಿಯಲಿಲ್ಲ. ಕಾಗದ ಕಾಗದವೇ. ಆದರೆ ಇಷ್ಟು ದಿನ ಕಣ್ಣು ಮುಚ್ಚಿದರೆ ಹಸಿರಿಗೇ ಬಂದು ನಿಂತುಬಿಡುತ್ತಿದ್ದ ಅವಳ ಮುಖ ಇವತ್ತು ಅಲ್ಲಿಂದ ಒಂದು ಬಣ್ಣ ಮುಂದೆ ಹೋಯಿತು, ಮತ್ತು ಅದನ್ನು ಮುಂದೆ ಕಳಿಸಿದ್ದು ಅವನ ಕೈ. “ಹಲ್ಲು ನೋಡ್ರೀ, ಫೋಟೋದವನು ಬಾಯಿ ಮುಚ್ಚು ಅಂದಷ್ಟೂ ತೆಗೀತಿದ್ಲು” ಅಂದಳು ಹೆಂಡತಿ, ಮಷಿನ್ನಿನ ಸದ್ದನ್ನು ಮೀರಿ ಕೂಗಿ. “ನಿನ್ನ ಮಗಳು” ಎಂದು ಇವನೂ ಕೂಗಿದ.

ಕಪ್ಪು ಬಿದ್ದು ಅಕ್ಷರ ಮೂಡಿದವು: ‘ನಮ್ಮ ಬೀದಿಗೆ ಚಪ್ಪಡಿ ಯಾವಾಗ?’ ಯಜಮಾನ ಬಂದು, ಒಂದು ಹಾಳೆ ಎತ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, “ಕೂಡಿದೆ. ಚೆನ್ನಾಗಿ ಕೂಡಿದೆ” ಅಂದ. “ಯಜಮಾನ್ರೇ, ನಗರಸಭೆ ಕರಪತ್ರ ಇನ್ಮೇಲೆ ನಾನು ಹೊಡೆಯಲ್ಲ” ಅಂದ ಇವನು. ಯಜಮಾನ ಗಡಿಯಾರ ನೋಡಿದ. ಆಮೇಲೆ ಇವನ ಮುಖ ನೋಡಿದ. “ಹೊಡೀಬೇಡ ಬಿಡು. ನನಗಂತೂ ಕೂಡಿಸೋಕೆ ಬರಲ್ಲ, ಅಧ್ಯಕ್ಷರಿಗೆ ನಾಲ್ಕು ಕಣ್ಣಾಗುತ್ತೆ, ಅಷ್ಟೇ ತಾನೆ.”

ವೇಸ್ಟ್ ಹಾಳೆ ಕಣ್ಣಿಗೆ ಬಿದ್ದದ್ದು ಆಗ. ಹಳದಿಗೂ ನೀಲಿಗೂ ಅವನು ಬಿಟ್ಟಿದ್ದ ಹಳೆಯ ಹಾಳೆಗಳು ನಗರಸಭೆಯ ಕರಪತ್ರದವೇ. ಅಧ್ಯಕ್ಷರ ನಗುವಿನ ಮೇಲೆ, ‘ನಿಮ್ಮ ಸುರಕ್ಷೆ ನಮ್ಮ ಹೊಣೆ’ಯ ಮೇಲೆ, ಚಿನಕುರಳಿಯ ಹಸಿರು ಮುಖ ಬಿದ್ದಿತ್ತು. ಅಧ್ಯಕ್ಷರ ಹಲ್ಲು ಅವಳ ಹಣೆಯೊಳಗಿಂದ ಕಾಣುತ್ತಿತ್ತು. ಹೆಂಡತಿ ಒಂದನ್ನು ಸುರುಳಿ ಸುತ್ತಿದಳು.

“ಅದು ಬೇಡ” ಅಂದ. “ಹಾಗೆ ಅವಳನ್ನ ಯಾರೂ ನೋಡ್ಬಾರ್ದು.”

“ಊರಿಗೆಲ್ಲ ಅಲ್ಲ. ಊರಿಗೆ ನಗೋ ಮುಖ. ಇದು ನಗರಸಭೆ ಗೇಟಿಗೆ” ಅಂದಳು. “ಇಷ್ಟು ದಿನ ನೀವೊಬ್ರೇ ನೋಡ್ಕೊಂಡ್ ಬಂದಿದ್ದು ಸಾಕು. ಅವರೂ ಸ್ವಲ್ಪ ಹೊರಲಿ.”

ಬೆಳಕಿರುವಾಗಲೇ ಹೊರಟರು. ಹೆಂಗಸರು ಬಕೆಟ್ಟಿನಲ್ಲಿ ಅಂಟು ತಂದಿದ್ದರು, ಪೋಸ್ಟರನ್ನು ಅಂಚಿನಿಂದ ಒತ್ತಿ ಗುಳ್ಳೆ ಎಬ್ಬಿಸುತ್ತಿದ್ದರು, ನೋಡಿ ತಾಳಲಾರದೆ ಅವನು ಬ್ರಷ್ಷು ಇಸಿದುಕೊಂಡ. ಮೊದಲು ಗೋಡೆಗೆ ಅಂಟು, ಆಮೇಲೆ ಹಾಳೆ, ನಡುವಿನಿಂದ ಅಂಚಿಗೆ ಒರೆಸಬೇಕು ಎಂದು ತೋರಿಸಿಕೊಟ್ಟ. ಬೀದಿಯುದ್ದಕ್ಕೂ ಚಿನಕುರಳಿ ನಾಲಿಗೆ ತುದಿ ಚಾಚಿಕೊಂಡು ನಿಂತಳು. ನಗರಸಭೆಯ ಗೇಟಿನಲ್ಲಿ ಕಾವಲುಗಾರ ಎದ್ದು ಬಂದ. “ಇಲ್ಲಿ ಅಂಟಿಸೋ ಹಾಗಿಲ್ಲಮ್ಮ.”

“ಎಲ್ಲಿ ಬೀಳೋ ಹಾಗಿಲ್ಲ ಅಂತ ನಮ್ಮ ಮಗೂಗೂ ಒಂದು ಮಾತು ಹೇಳ್ಬೇಕಿತ್ತಣ್ಣ” ಅಂದಳು ನರ್ಸಕ್ಕ.

ಕಾವಲುಗಾರ ಸುರುಳಿ ಬಿಚ್ಚಿದ ಹಾಳೆಯನ್ನು ನೋಡಿದ. ಟೋಪಿ ಸರಿಮಾಡಿಕೊಂಡ. ಒಳಗೆ ಫೋನು ಬರುತ್ತಿದೆ ಎಂದು ಹೇಳಿ ಹೋದ. ಯಾವ ಫೋನೂ ಬರುತ್ತಿರಲಿಲ್ಲ.

ಗೇಟಿನ ತಗಡಿಗೆ ಅವನೇ ಅಂಟು ಹಚ್ಚಿದ. ಹಾಳೆ ಇಟ್ಟು, ಅಂಗೈಯನ್ನು ಅವಳ ಹಣೆಯ ಮೇಲಿಟ್ಟು ಗಲ್ಲದ ತನಕ ಎಳೆದ. ತಣ್ಣಗೆ, ಒದ್ದೆಯಾಗಿ ಇತ್ತು. ಎರಡನೆಯ ಸಲ ಎಳೆದ, ಗುಳ್ಳೆ ಇಲ್ಲದ ಹಾಗೆ. ಹೆಂಡತಿ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಆಯಾಸಕ್ಕೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ. ದಿನಾ ಮೋರಿಯ ಮೇಲೆ ನಿಂತು ನಿಂತು ಅವಳ ಮಂಡಿ ಹೋಗಿದೆ ಎಂಬುದನ್ನು ಅವನು ಈಗ ನೋಡಿದ.

“ನಾಳೆ ಬೆಳಿಗ್ಗೆ ಮೋರಿ ಹತ್ರ ನಾನು ನಿಲ್ತೀನಿ” ಅಂದ. “ನೀನು ಮಲಗು.”

ಅವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ನಾಲ್ಕೂ ಬಣ್ಣ ಇತ್ತು.

“ಮಕ್ಕಳ ಯೂನಿಫಾರ್ಮಿಗೆ ಇಂಕು ಹತ್ತುತ್ತೆ.”

“ತೊಳ್ಕೊಂಡ್ ಬರ್ತೀನಿ” ಅಂದ.